ಎರಡು ಲಕ್ಮೆಯರ ನಡುವೆ

ಪ್ರಿಯ ಗೆಳೆಯ,

ನೀನು ಹಟ ಹಿಡಿದು ಕಳಿಸಿದ ಫ್ರೆಂಚ್ ಆಪೆರಾ (ಸಂಗೀತ ನಾಟಕ) ‘ಲಕ್ಮೆ’ಯನ್ನು ಕೊನೆಗೂ ಕೇಳಿದೆ. ನತಾಲಿ ದೆಸೆ ಹಾಡಿ, ಮಿಶೆಲ್ ಪ್ಲಾಸೋಂ ತುಲೂಸ್‌ನ ವಾದ್ಯವೃಂದವನ್ನು ನಡೆಸಿದ ಮುದ್ರಣ. ಅದೂ 1990ರ ದಶಕದ್ದು, ನಿಜ. ಆದರೆ ಜೋನ್ ಸದರ್‌ಲ್ಯಾಂಡ್ ಹಾಡಿದ 1967ರ ಮುದ್ರಣಕ್ಕೇ ಜೋತುಬಿದ್ದಿದ್ದ ನನಗೆ ಹೊಸದೇ.

ಮೊದಲು ನಾಯಕಿ ಲಕ್ಮೆ ಹಾಡುವ ಗಂಟೆಯ ಹಾಡಿಗೇ ಹೋದೆ. ಸದರ್‌ಲ್ಯಾಂಡ್ ಅಲ್ಲಿ ತಾರಸ್ಥಾಯಿಯಲ್ಲಿ ನಿಂತು ಬಿರ್ಕಾಗಳ ಮಿಂಚಿನ ಸ್ವರಗೊಂಚಲುಗಳನ್ನು ಉದುರಿಸುವ ರೀತಿ ಇಂದಿಗೂ ಮೈ ನವಿರೇಳಿಸುತ್ತದೆ. ಆದರೆ ಅವಳ ಬಾಯಲ್ಲಿ ಫ್ರೆಂಚ್ ಭಾಷೆಯ ವ್ಯಂಜನಗಳೆಲ್ಲ ಕರಗಿ ಸ್ವರಾಕ್ಷರಗಳಷ್ಟೇ ಉಳಿಯುತ್ತವೆ. ಜೊತೆಗೆ, ಆ ಹುಡುಗಿ ಏಕೆ ಹಾಡುತ್ತಿದ್ದಾಳೆ ಎಂಬುದೇ ಮರೆತುಹೋಗುತ್ತದೆ. ಸಂತೆಯ ನಡುವೆ ಪುರೋಹಿತನಾದ ಅಪ್ಪ ನೀಲಕಂಠ ಅವಳನ್ನು ಬಲವಂತದಿಂದ ಹಾಡಿಸುತ್ತಿದ್ದಾನಲ್ಲವೇ? ತೋಟಕ್ಕೆ ನುಗ್ಗಿದ ಇಂಗ್ಲಿಷ್ ಅಧಿಕಾರಿ ಜೆರಾಲ್ಡ್‌ನನ್ನು ಬಲೆಗೆ ಕೆಡವಲು ಮಗಳ ದನಿಯೇ ಅವನ ಗಾಳ. ದೆಸೆಯ ದನಿ ತೆಳು, ಆದರೆ ಅದರಲ್ಲಿ ಅಂಜಿಕೆ ಇದೆ. ಹಾಡಿನೊಳಗಿನ ಕಥೆ ಮುಗಿದ ಮೇಲೂ ಅಪ್ಪ ಮತ್ತೆ ಹಾಡೆಂದು ಗದರಿಸುವಾಗ ಅವಳ ಸ್ವರ ತಡವರಿಸುತ್ತದೆ. ನಾನು ಕುಳಿತಲ್ಲೇ ಕೈ ಬಿಗಿಹಿಡಿದೆ. ಇಷ್ಟು ವರ್ಷ ಈ ಹಾಡನ್ನು ಸಂಗೀತ ಕಚೇರಿಯ ಕೊನೆಯ ಲಘು ತುಕಡಾದಂತೆ ಕೇಳಿದ್ದೆನಲ್ಲ ಎನಿಸಿತು.

ಆ ಹಾಡಿನಲ್ಲಿ ವಿಷ್ಣುವನ್ನು ‘ಬ್ರಹ್ಮನ ಮಗ’ ಎಂದು ಕರೆದಿರುವುದನ್ನು ಗಮನಿಸಿದ್ದೀಯಾ? 1883ರಲ್ಲಿ ಪ್ಯಾರಿಸ್‌ನ ರಂಗಕ್ಕೆ ಬಂದ ಈ ಆಪೆರಾಕ್ಕೆ ಗೋಂದಿನೆ ಮತ್ತು ಜೀಲ್ ಸಾಹಿತ್ಯ ಬರೆಯುವಾಗ ನಾಭಿಕಮಲವನ್ನೇ ತಲೆಕೆಳಗು ಮಾಡಿಬಿಟ್ಟರು. ಸಂಗೀತ ಕಟ್ಟಿದ ದೆಲೀಬ್ ತಾನೇ ಏನು ಮಾಡಿಯಾನು ಪಾಪ!

ಗಂಡು ದನಿಗಳಲ್ಲಿ ಮಾತ್ರ ನನ್ನ ತಕ್ಕಡಿ ಹಳೆಯದರ ಕಡೆಗೇ ವಾಲುತ್ತದೆ. ಅಲೇನ್ ವಾಂಜೋ ಹಾಡುವ ಜೆರಾಲ್ಡ್ ಒಂದು ಒಡವೆಯನ್ನು ಕಂಡು ಅದರ ಒಡತಿಯನ್ನು ಊಹಿಸಿಕೊಳ್ಳುವ ಭಾಗವನ್ನು ಇನ್ನೊಮ್ಮೆ ಕೇಳು. ಮಾತೃಭಾಷೆಯಲ್ಲಿ ಹಾಡುವವನ ಸಲೀಸು ಅದು. ಹೊಸದರಲ್ಲಿ ಗ್ರೆಗರಿ ಕುಂಡೆ ಅಚ್ಚುಕಟ್ಟಾಗಿ ಹಾಡಿದ್ದಾನೆ, ಅಷ್ಟೆ. ನೀಲಕಂಠನ ವಿಷಯದಲ್ಲಿ ಜಗಳ ಬೇಡ. ಹಳೆಯದರ ಬಾಕಿಯೆ ಸಿಡುಕಿನ ಪುರೋಹಿತ. ಹೊಸದರ ಜೋಸೆ ವಾನ್ ದಾಮ್, ಮಗಳ ಕಣ್ಣಿನಲ್ಲಿ ಮಂಕು ಕವಿದಿದೆ ಎಂದು ಹಾಡುವಾಗ ಬರಿಯ ತಂದೆ.

ಮಲ್ಲಿಗೆಯ ಯುಗಳಗೀತೆಯ ಬಗ್ಗೆ ಏನೂ ಬರೆಯುವುದಿಲ್ಲ. ಜಾಹೀರಾತುಗಳು ಅದನ್ನು ಹಾಡಿ ಹಾಡಿ ಸವೆಸಿವೆ.

ಕೊನೆಯ ಅಂಕವನ್ನು ನಿನ್ನೆ ರಾತ್ರಿ ದೀಪ ಆರಿಸಿ ಕೇಳಿದೆ. ಲಕ್ಮೆ ದತ್ತೂರಿಯ ಎಲೆ ಕಚ್ಚಿ ಸಾಯುತ್ತಾಳೆ. ನಮ್ಮಲ್ಲಿ ಅದರ ಹೂವನ್ನು ಶಿವನಿಗೆ ಏರಿಸುತ್ತಾರೆ. ಇಲ್ಲಿ ಅಪ್ಪನ ಹೆಸರು ನೀಲಕಂಠ, ವಿಷ ಮಾತ್ರ ಮಗಳ ಪಾಲಿಗೆ! ಇದು ಪ್ಯಾರಿಸ್‌ನವರಿಗೆ ಹೊಳೆದಿರಲಿಕ್ಕಿಲ್ಲ. ಸದರ್‌ಲ್ಯಾಂಡ್ ರಾಣಿಯಂತೆ ಸಾಯುತ್ತಾಳೆ. ದೆಸೆ ನಿದ್ದೆಗೆ ಜಾರುವ ಮಗುವಿನಂತೆ. ಮತ್ತೆ ಹಳೆಯದನ್ನು ಹಾಕಲು ಮನಸ್ಸಾಗಲಿಲ್ಲ.

ಮಾದಿ ಮೆಸ್ಪ್ಲೆ ಹಾಡಿದ 1970ರ ಮುದ್ರಣವೂ ನಿನ್ನ ಬಳಿ ಇದೆ ಎಂದಿದ್ದೆ. ಅದನ್ನೂ ಕಳಿಸು; ಈಗ ಕಳಿಸಿದ್ದನ್ನು ಅಲ್ಲಿಯವರೆಗೆ ಹಿಂದಿರುಗಿಸುವುದಿಲ್ಲ.

ನಿನ್ನ,
ಹಳೆಯ ಗೆಳೆಯ