15 ತಿಂಗಳ ಒಳಗಿನ ನಾಯಿಗೆ ಇನ್ನು ಓಟದ ತರಬೇತಿ ಇಲ್ಲ

ಮುಧೋಳ ಮತ್ತು ಸುತ್ತಲಿನ ಊರುಗಳ ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಬರುವ ಒಂದನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲೂ ನಾಯಿ ತರಬೇತಿಯಲ್ಲೂ ಎರಡು ಬದಲಾವಣೆ. 15 ತಿಂಗಳು ತುಂಬದ ನಾಯಿಯನ್ನು ಓಟದ ತರಬೇತಿಗೆ ಸೇರಿಸಿಕೊಳ್ಳುವುದಿಲ್ಲ. ಡಾಕ್ಟರ್ ಚೀಟಿ ಇಲ್ಲದೆ ಮರಿಗಳಿಗೆ ಕ್ಯಾಲ್ಸಿಯಂ ಸಿರಪ್ ಕೊಡುವುದಿಲ್ಲ. ತರಬೇತಿಗೆ ಈಗಾಗಲೇ ಹಣ ಕಟ್ಟಿದವರು ವಾಪಸ್ ತಗೊಳ್ಳಬಹುದು, ಇಲ್ಲಾಂದ್ರೆ ವಯಸ್ಸು ತುಂಬಿದ ಮೇಲೆ ಅದೇ ರೇಟಿಗೆ ಬಂದು ಸೇರಿಸಿ.

ಎಂಟು ತಿಂಗಳಿಗೇ ಸೊಂಟದೆತ್ತರ ಬಂದಿದೆ, ಇನ್ನೂ ಮರಿ ಅಂತೀರಲ್ಲ ಅಂತ ಸುಮಾರು ಜನ ಕೇಳುತ್ತಿದ್ದಾರೆ. ಎತ್ತರ ಬೇಗ ಬರುತ್ತದೆ, ಮೂಳೆ ಬಲಿಯೋದು ತಡ. ಕಾಲಿನ ಉದ್ದ ಮೂಳೆಗಳ ತುದಿ ಹತ್ತಿರ ಮೆದು ಮೂಳೆಯ ಪದರ ಇರುತ್ತದೆ, ಮೂಳೆ ಉದ್ದ ಆಗೋದು ಅಲ್ಲಿಂದಲೇ. ದೊಡ್ಡ ತಳಿಗಳಲ್ಲಿ ಅದು ಪೂರ್ತಿ ಗಟ್ಟಿಯಾಗಲು ಸಾಮಾನ್ಯವಾಗಿ 12ರಿಂದ 18 ತಿಂಗಳು ಬೇಕು. ಅಷ್ಟರೊಳಗೆ ಬೈಕ್ ಹಿಂದೆ ಡಾಂಬರು ರಸ್ತೆಯಲ್ಲಿ ಓಡಿಸಿ ಆ ಪದರಕ್ಕೆ ಪೆಟ್ಟು ಬಿತ್ತು ಅಂದ್ರೆ ಕಾಲು ಸೊಟ್ಟ ಬೆಳೆಯಬಹುದು, ಮುಂದೆ ಕೀಲುನೋವು ಆಯುಷ್ಯವಿಡೀ ಕಾಡಬಹುದು.

ಮರಿಯ ಮುಂಗಾಲನ್ನು ಒಮ್ಮೆ ಹಿಡಿದು ನೋಡಿ. ಪಾದದ ಮೇಲೆ, ನಮ್ಮ ಮಣಿಕಟ್ಟು ಇರುವಂಥ ಜಾಗದಲ್ಲಿ, ದಪ್ಪ ಗಂಟು ಕೈಗೆ ಸಿಗುತ್ತದೆ. ಅದು ಮೂಳೆ ಬೆಳೆಯುತ್ತಿರುವ ಜಾಗ, ಬೆಳೆಯುವ ಮರಿಗೆ ಇರಬೇಕಾದದ್ದೇ. ಇದನ್ನು ನೋಡಿಯೇ ಎಷ್ಟೋ ಜನ ಗಾಬರಿಯಾಗಿ ಕ್ಯಾಲ್ಸಿಯಂ ಕೇಳಲು ಬರುತ್ತಾರೆ. ಪಾಪ, ಕಾಳಜಿಯಿಂದಲೇ ಕೇಳೋದು. ಆದರೆ ಎಳೇ ಮರಿಯ ಹೊಟ್ಟೆಗೆ ಜಾಸ್ತಿಯಾದ ಕ್ಯಾಲ್ಸಿಯಂ ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ, ಜಾಸ್ತಿ ಹಾಕಿದಷ್ಟು ಜಾಸ್ತಿ ಮೈಗೆ ಸೇರಿ ಮೂಳೆಯ ಬೆಳವಣಿಗೆಯನ್ನೇ ಕೆಡಿಸಬಹುದು. ಒಳ್ಳೆಯ ಪಪ್ಪಿ ಫುಡ್ ತಿನ್ನುವ ಮರಿಗೆ ಬೇಕಾದಷ್ಟು ಅದರಲ್ಲೇ ಇದೆ. ಬರೀ ಜೋಳದ ರೊಟ್ಟಿ, ಅನ್ನ, ಮೂಳೆಯಿಲ್ಲದ ಮಾಂಸ ಹಾಕುವ ಮನೆಗಳಲ್ಲಿ ಮಾತ್ರ ನಿಜವಾಗಿಯೂ ಕಡಿಮೆ ಬೀಳಬಹುದು, ಅಲ್ಲಿ ಎಷ್ಟು ಕೊಡಬೇಕು ಅಂತ ಡಾಕ್ಟರ್ ಹೇಳಲಿ. ಮರಿ ಕುಂಟಿದರೆ, ಕಾಲು ಬಾಗಿದರೆ ಸಿರಪ್ ಹುಡುಕುತ್ತಾ ಕೂರಬೇಡಿ, ಅವತ್ತೇ ತೋರಿಸಿ.

ಊಟ ಅಳೆದು ಹಾಕಿ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಮರಿಯಿಂದ ಕೊನೆಯವರೆಗೂ ಗಮನಿಸಿದ್ದರು. ಅವನ್ನು ಎರಡೆರಡಾಗಿ ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ. 25ರಷ್ಟು ಕಡಿಮೆ ಊಟ ಹಾಕಿದರು. 2002ರಲ್ಲಿ ಬಂದ ಫಲಿತಾಂಶದ ಪ್ರಕಾರ, ಕಡಿಮೆ ತಿಂದ ನಾಯಿಗಳು ಸುಮಾರು ಎರಡು ವರ್ಷ ಜಾಸ್ತಿ ಬದುಕಿದವು, ಕೀಲು ಸವೆತವೂ ತಡವಾಗಿ ಬಂತು. ಅಂದ್ರೆ ಉಪವಾಸ ಕೆಡವಿ ಅಂತಲ್ಲ. ಕೈಯಾಡಿಸಿದರೆ ಪಕ್ಕೆಲುಬು ಸುಲಭವಾಗಿ ಸಿಗಬೇಕು, ಅಷ್ಟೇ. ನಮ್ಮ ಮುಧೋಳ ನಾಯಿ ಹುಟ್ಟಾ ತೆಳ್ಳಗೆ, ಪಕ್ಕದ ಮನೆಯವರು ಊಟ ಹಾಕಲ್ವಾ ಅಂದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಮರಿ ಆಡಲೇಬೇಕು. ಹೊಲದ ಮೆತ್ತನೆ ಮಣ್ಣಲ್ಲಿ ಬಿಡಿ, ಅದೇ ಓಡುತ್ತದೆ, ಸಾಕಾದಾಗ ಅದೇ ಮಲಗುತ್ತದೆ. ನುಣುಪು ಫರಶಿ ಮೇಲೆ ಕಾಲು ಜಾರುತ್ತಿದ್ದರೆ ಗೋಣಿಚೀಲ ಹಾಸಿ. ಮೂರು ತಿಂಗಳವರೆಗೆ ಮೆಟ್ಟಿಲು ಹತ್ತಿಸಬೇಡಿ, ಎತ್ತಿಕೊಂಡು ಹೋಗಿ.

ಅಂಗಡಿಯಲ್ಲಿ ತೂಕದ ಯಂತ್ರ ಇಟ್ಟಿದ್ದೇವೆ. ಹದಿನೈದು ದಿನಕ್ಕೊಮ್ಮೆ ಮರಿ ಕರ್ಕೊಂಡು ಬನ್ನಿ, ತೂಕ ನೋಡಿ ಊಟದ ಅಳತೆ ಬರೆದುಕೊಡುತ್ತೇವೆ. ಇದಕ್ಕೆ ದುಡ್ಡಿಲ್ಲ.