ಕೆಂಪು ನಕ್ಷತ್ರದ ಕರೆಂಟ್ ಸರಿ, ಲೈನ್ ಎಲ್ಲಿ?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಕೆಂಪು ಕುಬ್ಜಗಳ, ಅಂದರೆ ಸೂರ್ಯನಿಗಿಂತ ಪುಟ್ಟದಾದ, ಮಂಕಾದ ಕೆಂಪು ನಕ್ಷತ್ರಗಳ ಬಗ್ಗೆ ಬಂದ ಲೇಖನ ಓದಿದೆ. ಸೂರ್ಯನ ಕಾಲ ಮುಗಿದ ಮೇಲೆ ಮನುಷ್ಯ ಆ ನಕ್ಷತ್ರಗಳ ಸುತ್ತ ಪ್ಯಾನೆಲ್ ಹಾಕಿ, ಭೂಮಿಗೆ ವಿದ್ಯುತ್ ತರಿಸಿಕೊಳ್ಳುತ್ತಾನೆ ಎಂದು ಅದರಲ್ಲಿತ್ತು. ಲೇಖನ ಚೆನ್ನಾಗಿದೆ. ನನ್ನ ತಕರಾರು ಇರುವುದು ಆ ಕೊನೆಯ ಮಾತಿಗೆ. ನಾನು ಪಾವಗಡ ತಾಲ್ಲೂಕಿನವನು, ಲೈನ್‌ಮನ್ ಆಗಿದ್ದು ನಿವೃತ್ತನಾದವನು. ಎಲ್ಲೋ ಕರೆಂಟ್ ಹುಟ್ಟುತ್ತದೆ ಅಂದರೆ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಂದ ಹೊರಡುವ ಲೈನಿನ ಕಡೆಗೆ.

ಆಯಸ್ಸಿನ ಲೆಕ್ಕ ಲೇಖಕರು ಸರಿಯಾಗೇ ಕೊಟ್ಟಿದ್ದಾರೆ. ನಮ್ಮ ಸೂರ್ಯನದ್ದು ಹೆಚ್ಚುಕಡಿಮೆ 1,000 ಕೋಟಿ ವರ್ಷ. ಅದರಲ್ಲಿ 460 ಕೋಟಿ ಮುಗಿದಿದೆ. ಸೂರ್ಯನ ನಡುಭಾಗದ ಹೈಡ್ರೋಜನ್ ಮಾತ್ರ ಉರಿಯುತ್ತದೆ, ಹೊರಗಿನದು ಹಾಗೇ ಉಳಿಯುತ್ತದೆ. ಪುಟ್ಟ ಕೆಂಪು ಕುಬ್ಜಗಳು ಹಾಗಲ್ಲ. ಕೋಲು ಹಾಕಿ ಮುದ್ದೆ ತಿರುವಿದ ಹಾಗೆ ಬುಡದ್ದು ಮೇಲಕ್ಕೆ, ಮೇಲಿನದು ಬುಡಕ್ಕೆ ಹೋಗ್ತಾ ಇರುತ್ತದೆ. ಇರೋದೆಲ್ಲ ಉರಿಯುತ್ತದೆ, ಅದೂ ನಿಧಾನವಾಗಿ. ಲಕ್ಷ ಕೋಟಿ ವರ್ಷಗಳ ಲೆಕ್ಕ ಅದು. ವಿಶ್ವದ ವಯಸ್ಸೇ ಇನ್ನೂ 1,380 ಕೋಟಿ ವರ್ಷ. ಹಾಗಾಗಿ ವಯಸ್ಸಾಗಿ ಸತ್ತ ಕೆಂಪು ಕುಬ್ಜ ಇದುವರೆಗೆ ಒಂದೂ ಇಲ್ಲ!

ನಮಗೆ ಹತ್ತಿರದ್ದು ಪ್ರಾಕ್ಸಿಮಾ ಸೆಂಟಾರಿ. 1915ರಲ್ಲಿ ಪತ್ತೆಯಾಯಿತು. ದೂರ 4.24 ಜ್ಯೋತಿರ್ವರ್ಷ. ಮೇ, ಜೂನ್ ರಾತ್ರಿಗಳಲ್ಲಿ ನಮ್ಮೂರಿನ ದಕ್ಷಿಣಕ್ಕೆ, ತೀರಾ ತಗ್ಗಿನಲ್ಲಿ ಆಲ್ಫಾ ಸೆಂಟಾರಿ ಕಾಣುತ್ತದೆ. ಅದರ ಹತ್ತಿರವೇ ಇದೂ ಇದೆ, ಆದರೆ ಬರಿಗಣ್ಣಿಗೆ ಕಾಣುವುದಿಲ್ಲ. ಸೂರ್ಯ ಸೂಸುವ ಶಕ್ತಿಯ ಆರುನೂರರಲ್ಲಿ ಒಂದು ಪಾಲಿನಷ್ಟು ಮಾತ್ರ ಇದರದ್ದು. ಅದೇ ಇಂದು ಇಡೀ ಮನುಕುಲ ಬಳಸುವ ಶಕ್ತಿಗೆ ಸಾವಿರಾರು ಕೋಟಿ ಪಟ್ಟು ಆಗುತ್ತದೆ. ಅಂದರೆ ಜನರೇಷನ್ನಿಗೆ ಬರವಿಲ್ಲ.

ಆದರೆ ಯಾವ ಪ್ಯಾನೆಲ್ ಹಾಕುತ್ತೀರಿ? ಲೇಖನದಲ್ಲಿ ಈ ಮಾತೇ ಇಲ್ಲ. ನಮ್ಮ ತಿರುಮಣಿ, ವಳ್ಳೂರು ಸುತ್ತಿನ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಕಡ್ಲೆಕಾಯಿ ಬೆಳೆಯುತ್ತಿದ್ದ ಹೊಲಗಳು ಈಗ ನೀಲಿ ಸಾಲುಗಳು. ಅಲ್ಲಿರುವಂಥ ಸಿಲಿಕಾನ್ ಪ್ಯಾನೆಲ್, ಅಲೆಯ ಉದ್ದ ಸುಮಾರು 1,100 ನ್ಯಾನೋಮೀಟರ್‌ವರೆಗಿನ ಬೆಳಕನ್ನು ಮಾತ್ರ ಕರೆಂಟ್ ಮಾಡುತ್ತದೆ. ಅದಕ್ಕಿಂತ ಉದ್ದದ ಅಲೆ ಬಿದ್ದರೆ ಪ್ಯಾನೆಲ್‌ನಿಂದ ಏನೂ ಹುಟ್ಟುವುದಿಲ್ಲ. ಸೂರ್ಯನ ಶಕ್ತಿಯಲ್ಲಿ ಮುಕ್ಕಾಲು ಪಾಲು ಈ ಗೆರೆಯ ಒಳಗೇ ಬರುತ್ತದೆ. ಪ್ರಾಕ್ಸಿಮಾದ ಮೈಯ ಬಿಸಿ ಸುಮಾರು 3,000 ಕೆಲ್ವಿನ್ ಅಷ್ಟೇ, ಸೂರ್ಯನಿಗಿಂತ ಎಷ್ಟೋ ತಣ್ಣಗೆ. ಅದು ಕೊಡುವುದರಲ್ಲಿ ಹೆಚ್ಚಿನದು ಅವಕೆಂಪು, ಅಂದರೆ ಕಣ್ಣಿಗೆ ಕಾಣದ ಶಾಖದ ಬೆಳಕು. ಸಿಲಿಕಾನಿಗೆ ಸಿಗುವುದು ಮೂರರಲ್ಲಿ ಒಂದು ಪಾಲು. ನಮ್ಮ ಪ್ಯಾನೆಲ್ ಬಿಚ್ಚಿಕೊಂಡು ಹೋಗಿ ಅಲ್ಲಿ ಹಾಕಿದರೆ ನಡೆಯಲ್ಲ. ಬೇರೆಯದೇ ವಸ್ತು ಬೇಕು.

ಒಂದು ಅನುಕೂಲವೂ ಇದೆ, ಅದನ್ನೂ ಹೇಳಿಬಿಡಬೇಕು. ಇಲ್ಲಿ ಒಂದು ಮೋಡ ಹಾದುಹೋದರೆ ಸಾಕು, ಮೀಟರಿನ ಅಂಕಿ ಸರ್ರನೆ ಇಳಿಯುತ್ತದೆ. ಸಂಜೆ ಕತ್ತಲಾದರೆ ಸೊನ್ನೆ. ಜನ ದೀಪ, ಟಿವಿ, ಮಿಕ್ಸಿ ಎಲ್ಲ ಹಾಕುವುದೂ ಅದೇ ಹೊತ್ತಿಗೆ. ಪ್ರಾಕ್ಸಿಮಾ ಸುತ್ತ 2016ರಲ್ಲಿ ಸಿಕ್ಕ ಗ್ರಹ ಬಹುಶಃ ಯಾವಾಗಲೂ ಒಂದೇ ಮುಖವನ್ನು ನಕ್ಷತ್ರಕ್ಕೆ ತೋರಿಸುತ್ತದೆ. ಆ ಕಡೆ ಹಗಲು ಮುಗಿಯುವುದೇ ಇಲ್ಲ. ಬ್ಯಾಟರಿ ಬೇಡ, ಪ್ಯಾನೆಲ್ ತಿರುಗಿಸುವ ಮೋಟಾರ್ ಬೇಡ. ಇಂಥ ಜಾಗ ನಮಗಿದ್ದಿದ್ದರೆ ಅಂತ ಆಸೆಯಾಗುತ್ತೆ, ಅಲ್ವಾ?

ಜಾಸ್ತಿ ಆಸೆ ಬೇಡ. 2019ರ ಮೇ 1ರಂದು ಆ ನಕ್ಷತ್ರದಲ್ಲಿ ಒಂದು ಜ್ವಾಲೆ ಎದ್ದಿತು. ಕೆಲವೇ ಸೆಕೆಂಡಿನಲ್ಲಿ ಅದರ ನೇರಳಾತೀತ ಬೆಳಕು 14,000 ಪಟ್ಟು ಏರಿತು. ನಮ್ಮ ಸಾಧು ಸೂರ್ಯನ ಗಲಾಟೆಗೇ 1989ರ ಮಾರ್ಚ್‌ನಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಗ್ರಿಡ್ ಒಂದೂವರೆ ನಿಮಿಷದಲ್ಲಿ ಕುಸಿದು, ಸುಮಾರು ಒಂಬತ್ತು ಗಂಟೆ ಕತ್ತಲಾಗಿತ್ತು. ಪ್ರಾಕ್ಸಿಮಾದ ಹತ್ತಿರ ಲೈನ್ ಎಳೆಯುವವರು ಟ್ರಿಪ್ ಆಗುವುದಕ್ಕೆ ದಿನವೂ ತಯಾರಿರಬೇಕು.

ಈಗ ಆ ಲೈನಿನ ವಿಷಯ. ತಂತಿ ಅಂತೂ ಸಾಧ್ಯವಿಲ್ಲ, ಲೇಸರ್ ಕಿರಣದಲ್ಲಿ ಕಳಿಸುತ್ತಾರೆ ಅಂದುಕೊಳ್ಳೋಣ. ನಿಮ್ಮ ಚಿತ್ರದಲ್ಲೂ ದಾರದ ಹಾಗೆ ತೆಳ್ಳಗಿನ ಗೆರೆ ಬಂದು ಭೂಮಿಗೆ ಮುಟ್ಟಿದೆ. ಆದರೆ ಬೆಳಕು ಹೋಗ್ತಾ ಹೋಗ್ತಾ ಹರಡಿಕೊಳ್ಳುತ್ತದೆ. ಒಂದು ಕಿಲೋಮೀಟರ್ ಅಗಲದ ಕನ್ನಡಿಯಿಂದ ಬಿಟ್ಟರೂ ಇಲ್ಲಿಗೆ ಬರುವಷ್ಟರಲ್ಲಿ ಅದು ಸುಮಾರು ಒಂದು ಲಕ್ಷ ಕಿಲೋಮೀಟರ್ ಅಗಲವಾಗಿರುತ್ತದೆ. ಭೂಮಿಯ ಅಗಲ 12,700 ಕಿಲೋಮೀಟರ್ ಇದ್ದೀತು. ನೂರರಲ್ಲಿ ತೊಂಬತ್ತೆಂಟು ಪಾಲು ನಮ್ಮ ಪಕ್ಕದಲ್ಲಿ ಸುಮ್ನೆ ಹಾದುಹೋಗುತ್ತದೆ. ಇಷ್ಟು ಲೈನ್ ಲಾಸ್ ಇಟ್ಟುಕೊಂಡು ಯಾರು ಬಿಲ್ ಕಟ್ಟುತ್ತಾರೆ?

ಲೋಡ್ ನೋಡಿಕೊಳ್ಳುವುದು ಹೇಗೆ ಎನ್ನುವುದು ಇನ್ನೊಂದು. ಗ್ರಿಡ್‌ನಲ್ಲಿ ಬೇಡಿಕೆ ಏರಿದ ಕ್ಷಣಕ್ಕೇ ಜನರೇಷನ್ ಏರಬೇಕು, ಇಳಿದರೆ ಇಳಿಯಬೇಕು. ಫ್ರೀಕ್ವೆನ್ಸಿ, ಅಂದರೆ ಕರೆಂಟಿನ ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎನ್ನುವ ಲೆಕ್ಕ, 50ರ ಆಸುಪಾಸಿನಲ್ಲೇ ನಿಲ್ಲಬೇಕು. ನಾವು "ಸ್ವಲ್ಪ ಕಡಿಮೆ ಮಾಡಿ ಸ್ವಾಮಿ" ಎಂದು ಪ್ರಾಕ್ಸಿಮಾಕ್ಕೆ ಸುದ್ದಿ ಕಳಿಸಿದರೆ, ಅವರು ಕಡಿಮೆ ಮಾಡಿದ್ದು ನಮಗೆ ಗೊತ್ತಾಗುವುದು ಎಂಟೂವರೆ ವರ್ಷ ಕಳೆದ ಮೇಲೆ.

ಇನ್ನು, ಸೂರ್ಯ ಉಬ್ಬಿ ಕೆಂಪಾಗುವ ಕಾಲಕ್ಕೆ ಭೂಮಿಯಲ್ಲಿ ಕರೆಂಟ್ ಬಳಸುವವರು ಯಾರಿರುತ್ತಾರೆ? ಇನ್ನು ನೂರು ಕೋಟಿ ವರ್ಷಕ್ಕೆ ಸೂರ್ಯ ಶೇ 10ರಷ್ಟು ಹೆಚ್ಚು ಪ್ರಖರವಾಗುತ್ತಾನೆ. ಸಮುದ್ರಗಳು ಉಳಿಯುವುದೇ ಕಷ್ಟ. ಆಮೇಲೆ ಸಬ್‌ಸ್ಟೇಷನ್ ಇಟ್ಟುಕೊಂಡು ಮಾಡುವುದೇನು? ಕೆಂಪು ಕುಬ್ಜದ ವಿದ್ಯುತ್ ಅದರ ಹತ್ತಿರ ಹೋಗಿ ನೆಲೆಸಿದವರಿಗೆ ಮಾತ್ರ ದಕ್ಕುವಂಥದ್ದು. ಇಲ್ಲಿ ಪಾರ್ಕ್ ಬಂದಾಗ ಜಮೀನು ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಶುರುವಾಯಿತು. ಹೊಲದ ಕೂಲಿಯನ್ನೇ ನಂಬಿದ್ದವರು ಬೇರೆ ಕೆಲಸ ಹುಡುಕಿಕೊಂಡು ಹೋದರು. ಹಾಗೆಯೇ ಆ ನಕ್ಷತ್ರದ ಹತ್ತಿರಕ್ಕೆ ಹೋಗುವವರು ಯಾರು, ಇಲ್ಲೇ ಉಳಿಯುವವರು ಯಾರು ಅಂತ ಲೇಖಕರು ಒಂದು ಸಾಲಾದರೂ ಬರೆಯಬಹುದಿತ್ತು.

ಪ್ರಾಕ್ಸಿಮಾದ ಆ ಗ್ರಹದೊಳಗಿನ ಲೈನ್ ಬಗ್ಗೆ ಬರೆದರೆ ನಾನಂತೂ ಖುಷಿಯಿಂದ ಓದುತ್ತೇನೆ. ಬಿಸಿಲಿನ ಕಡೆ ಜ್ವಾಲೆಗಳ ಕಾಟ. ಜನ ವಾಸಿಸುವುದು ಹಗಲು ರಾತ್ರಿ ಸೇರುವ ಅಂಚಿನಲ್ಲೋ, ನೆಲದೊಳಗೋ ಇರಬಹುದು. ಗ್ರಹ ಭೂಮಿಯಷ್ಟೇ ದಪ್ಪವಿದ್ದರೆ ನಡುಹಗಲಿನ ಜಾಗದಿಂದ ಆ ಅಂಚಿಗೆ 10,000 ಕಿಲೋಮೀಟರ್. ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ 2003ರಿಂದ 500 ಕಿಲೋವೋಲ್ಟಿನ ಡಿ.ಸಿ. ಲೈನಿನಲ್ಲಿ ಕರೆಂಟ್ ಬರುತ್ತಿದೆ. ಅದು 1,300 ಕಿಲೋಮೀಟರಿಗೂ ಜಾಸ್ತಿ ಉದ್ದ. ಅಂಥದ್ದೇ ಲೈನ್ ಏಳೆಂಟು ಪಟ್ಟು ಉದ್ದ ಎಳೆದರಾಯಿತು. ಟವರ್ ಯಾವ ಲೋಹದ್ದಿರಬೇಕು, ಇನ್ಸುಲೇಟರ್ ಆ ಜ್ವಾಲೆಗಳನ್ನು ತಡೆಯುತ್ತದೆಯೇ, ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆದು ಕೆಲಸಕ್ಕೆ ಅನುಮತಿ, ಕೊಡುವವರು ಎಲ್ಲಿ ಕೂರುತ್ತಾರೆ, ಇದನ್ನೆಲ್ಲ ಲೇಖಕರು ಮುಂದಿನ ವಾರ ಬರೆಯಲಿ.

ಇಂತಿ,
ನಿವೃತ್ತ ಲೈನ್‌ಮನ್, ಪಾವಗಡ ತಾಲ್ಲೂಕು, ತುಮಕೂರು ಜಿಲ್ಲೆ