ಆ ಮರಿ ಪುಣೆಗೆ ಹೋಗಲಿಲ್ಲ

ಚಿರಂಜೀವಿ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಇತ್ತ ನಾನೂ ನಿನ್ನಮ್ಮನೂ ಕ್ಷೇಮ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಆ ರಾತ್ರಿ ಫೋನಿನಲ್ಲಿ ಆದ ಮಾತು ಇಬ್ಬರಿಗೂ ನೆನಪಿದೆ, ಅದನ್ನು ಮತ್ತೆ ಕೆದಕುವುದಿಲ್ಲ. ನೀನು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು. ನಿನ್ನ ಲಾಯದಲ್ಲಿ ಹನ್ನೊಂದು ದಿನದ ಕುದುರೆ ಮರಿ, ಭೇದಿ, ತಾಯಿ ಬೆದೆಗೆ ಬಂದಿದೆ ಅಂದ ಕೂಡಲೇ "ಫೋಲ್ ಹೀಟ್ ಅದು, ತಾನೇ ನಿಲ್ಲುತ್ತೆ, ಮಲಕ್ಕೋ" ಅಂದುಬಿಟ್ಟೆ. ಈದ ಮೇಲೆ ತಾಯಿ ಮೊದಲ ಸಲ ಬೆದೆಗೆ ಬರುವ ಹೊತ್ತಿನಲ್ಲಿ ಮರಿಗೆ ಆಗುವ ಸಾದಾ ಭೇದಿ ಅಂತ ಎಣಿಸಿದೆ. ಜ್ವರ ಎಷ್ಟಿದೆ ಅಂತ ಕೇಳಲಿಲ್ಲ. ಹಾಲು ಕುಡೀತಿದೆಯಾ ಅಂತ ಕೇಳಲಿಲ್ಲ. ಮೂವತ್ತೊಂದು ವರ್ಷ ಲಾಯದಲ್ಲಿ ಕಳೆದವನು ಮೊದಲು ಕೇಳಬೇಕಾದ ಪ್ರಶ್ನೆ ಇವೆರಡೇ.

ಲದ್ದಿ ಪರೀಕ್ಷೆಯಲ್ಲಿ ರೋಟಾ ವೈರಸ್ ಅಂತ ಬಂತಂತೆ, ಇನ್ನೂ ಮೂರು ಮರಿಗೆ ಹತ್ತಿತಂತೆ, ಎಂಟು ರಾತ್ರಿ ಮನೆಗೆ ಹೋಗದೆ ನಾಲ್ಕನ್ನೂ ಉಳಿಸಿಕೊಂಡೆಯಂತೆ. ನಿನ್ನಮ್ಮ ಹೇಳಿದಳು. ನಾನು ಹಿತ್ತಲಿಗೆ ಹೋಗಿ ಒಂದಷ್ಟು ಹೊತ್ತು ಸುಮ್ಮನೆ ನಿಂತೆ. ಆಮೇಲೆ ಡೈರಿಗೆ ಹಾಲು ಹಾಕಲು ಹೋದಾಗ ಅಲ್ಲಿದ್ದವರಿಗೆಲ್ಲ ಹೇಳಿದೆ. ಹಸು ಕರುವಿನ ಭೇದಿ ಗೊತ್ತು ಅವರಿಗೆ, ಕುದುರೆ ಮರಿಯ ಭೇದಿ ಅಂದರೆ ಎಷ್ಟು ಬೇಗ ಕೈ ಮೀರುತ್ತದೆ ಅಂತ ಗೊತ್ತಿಲ್ಲ. ಅದನ್ನೂ ವಿವರಿಸಿದೆ.

ಈಗ ಬರೆಯಲು ಕೂತ ವಿಷಯಕ್ಕೆ ಬರುತ್ತೇನೆ. ನಿನಗೆ ಆಗ ಆರು ವರ್ಷ. ಬೂದು ಕುದುರೆಯ ಕೆಂಪು ಮರಿ, ಹಣೆಯಲ್ಲಿ ಬಿಳಿ ಚುಕ್ಕೆ ಇದ್ದದ್ದು. ನೀನು ಸ್ಕೂಲಿನಿಂದ ಬಂದವಳೇ ಬ್ಯಾಗು ಎಸೆದು ನಾನು ಕೆಲಸ ಮಾಡುತ್ತಿದ್ದ ಕುದುರೆ ಫಾರ್ಮಿಗೆ ಓಡಿ ಬರುತ್ತಿದ್ದೆ ಅದನ್ನು ನೋಡಲು. ಅದನ್ನು ಪುಣೆಯವರು ಕೊಂಡುಹೋದರು ಅಂತ ನಾನು ನಿನಗೆ ಹೇಳಿದ್ದೆ.

ಅದು ಪುಣೆಗೆ ಹೋಗಲಿಲ್ಲ, ಪುಟ್ಟಿ. ಒಂಬತ್ತನೇ ದಿನದ ರಾತ್ರಿ ಸತ್ತುಹೋಯಿತು. ನನ್ನ ಡ್ಯೂಟಿಯಲ್ಲಿ.

ಆ ಸಂಜೆ ನೀನು ಬಾಗಿಲ ಕೆಳಗಿನ ಪಟ್ಟಿಯ ಮೇಲೆ ಹತ್ತಿ ನಿಂತು ಒಳಗೆ ನೋಡುತ್ತಿದ್ದೆ. "ಅಪ್ಪಾ, ಮರಿ ಹಣೆಗೆಲ್ಲ ಹಾಲು ಬಳ್ಕೊಂಡಿದೆ" ಅಂದೆ. ನಾನೂ ನೋಡಿದೆ. ಬಿಳಿ ಚುಕ್ಕೆಯಿಂದ ಮೂಗಿನವರೆಗೆ ಹಾಲು ಇಳಿದು ಒಣಗಿ ಪೊರೆಗಟ್ಟಿತ್ತು. "ಹಾಲು ಹೆಚ್ಚಾಗಿದೆ ಕಣಮ್ಮ, ಚೆಲ್ಲಾಡ್ತಿದೆ" ಅಂತ ನಕ್ಕೆ. ನೀನೂ ನಕ್ಕೆ. ನಿನ್ನನ್ನು ಮನೆಗೆ ಕಳಿಸಿದೆ.

ಅದರ ಅರ್ಥ ಈಗ ನಿನಗೆ ಯಾರೂ ಹೇಳಬೇಕಿಲ್ಲ. ಆದರೂ ಬರೆಯುತ್ತೇನೆ, ಬರೆದಾದರೂ ಇಳಿಯಲಿ. ಆರೋಗ್ಯವಾಗಿರುವ ಎಳೆ ಮರಿ ಗಂಟೆಗೆ ನಾಲ್ಕಾರು ಸಲ ಹಾಲು ಕುಡಿಯುತ್ತದೆ, ತಾಯಿಯ ಕೆಚ್ಚಲು ಬಿಗಿಯಲು ಬಿಡುವುದೇ ಇಲ್ಲ. ಕಾಯಿಲೆ ಬಿದ್ದ ಮರಿಯೂ ಅಭ್ಯಾಸದಿಂದ ಕೆಚ್ಚಲಿಗೆ ಹೋಗುತ್ತದೆ, ಮೂತಿ ತಾಗಿಸುತ್ತದೆ, ಚೀಪುವುದಿಲ್ಲ. ತುಂಬಿದ ಕೆಚ್ಚಲು ತಾನೇ ಸೊರ ಬಿಡುತ್ತದೆ, ಹಾಲು ಅದರ ತಲೆಯ ಮೇಲೆ ಸುರಿಯುತ್ತದೆ. ಹಣೆಯ ಮೇಲೆ ಹಾಲಿದೆ ಅಂದರೆ ಹೊಟ್ಟೆಯಲ್ಲಿಲ್ಲ. ಆರು ವರ್ಷದ ನಿನ್ನ ಕಣ್ಣಿಗೆ ಬಿದ್ದದ್ದು ಅದು.

ಒಂಬತ್ತು ಗಂಟೆಗೆ ನೋಡಿದಾಗ ಬಾಲ ಒದ್ದೆ, ತೊಡೆಯ ಹಿಂದೆಲ್ಲ ನೀರು ನೀರು ಲದ್ದಿ. ಅದರ ತಾಯಿ, ನಮ್ಮ ಬೂದಿ, ಆವತ್ತೇ ಬೆದೆಗೆ ಬಂದಿದ್ದಳು. ಲೆಕ್ಕ ಸರಿಹೋಯಿತು ಅಂದುಕೊಂಡೆ. ಥರ್ಮಾಮೀಟರ್ ನನ್ನ ಜೇಬಿನಲ್ಲೇ ಇತ್ತು. ಜೇಬಿನಲ್ಲಿ, ಪುಟ್ಟಿ. ತೆಗೆಯಲಿಲ್ಲ. ಹನ್ನೆರಡಕ್ಕೆ ಬಂದಾಗ ಮರಿ ಮಲಗಿತ್ತು, ಒಳ್ಳೇದು, ಸುಧಾರಿಸಿಕೊಳ್ಳಲಿ ಅಂದುಕೊಂಡೆ. ಒಂದು ಗಂಟೆಗೆ ಪಕ್ಕದ ಸಾಲಿನಲ್ಲಿ ಇನ್ನೊಂದು ಕುದುರೆ ಈಯಲು ಶುರುವಾಯಿತು, ಅಲ್ಲಿಗೆ ಹೋದೆ. ನಾಲ್ಕೂವರೆಗೆ ವಾಪಸು ಬಂದರೆ ಬೂದಿಯ ಕೆಚ್ಚಲಿಂದ ಹುಲ್ಲಿನ ಮೇಲೆ ಹಾಲು ತೊಟ್ಟಿಕ್ಕುತ್ತಿತ್ತು. ಮರಿಯ ಕಿವಿ ತಣ್ಣಗೆ, ಕಾಲು ತಣ್ಣಗೆ. ಬಾಯೊಳಗೆ ಬೆರಳಿಟ್ಟೆ, ಚೀಪಲಿಲ್ಲ. ಡಾಕ್ಟರು ಬಂದರು, ಡ್ರಿಪ್ ಹಾಕಲು ನೋಡಿದರು, ನರ ಸಿಗಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಮುಗಿಯಿತು. ಯಾವ ಕ್ರಿಮಿ ಅಂತ ಯಾರೂ ಪರೀಕ್ಷೆ ಮಾಡಿಸಲಿಲ್ಲ. ಫಾರ್ಮಿನ ಹಿಂದಿನ ಬೇಲಿ ಹತ್ತಿರ, ಹೊಂಗೆ ಮರದ ಬುಡದಲ್ಲಿ ಹೂಳಿದೆವು. ಬೂದಿ ಎರಡು ದಿನ ಕೆನೆದಳು.

ಡಾಕ್ಟರನ್ನು ಒಂಬತ್ತು ಗಂಟೆಗೇ ಯಾಕೆ ಕರೆಯಲಿಲ್ಲ ಅಂತ ನೀನು ಕೇಳುತ್ತೀಯ. ಅದರ ಹಿಂದಿನ ವಾರ ಇನ್ನೊಂದು ಮರಿಗೆ ಹೀಗೇ ಅಂತ ಅವರನ್ನು ನಡುರಾತ್ರಿ ಎಬ್ಬಿಸಿದ್ದೆ. ಅದು ಬರೀ ಫೋಲ್ ಹೀಟ್. ಕುದುರೆ ನೋಡಿಕೊಳ್ಳುವ ಹತ್ತು ಜನ ಸೈಸ್‌ಗಳ ಎದುರು ಬೈದಿದ್ದರು. ಅವರ ಮೇಲೆ ಹಾಕುತ್ತಿಲ್ಲ, ಅವರೂ ಕುದುರೆಗಳು ಈಯುವ ಆ ಸೀಸನ್ನಿನಲ್ಲಿ ನಿದ್ದೆ ಕಂಡವರಲ್ಲ. ಆದರೆ ಆ ರಾತ್ರಿ ನನ್ನ ಕೈಯನ್ನು ಜೇಬಿನಲ್ಲೇ ಹಿಡಿದಿಟ್ಟದ್ದು ಆ ಅವಮಾನ. 102ಕ್ಕಿಂತ ಮೇಲೆ ತೋರಿಸಿದರೆ ಕರೆಯಲೇಬೇಕಾಗುತ್ತದೆ. ಅಳೆಯದಿದ್ದರೆ ಕರೆಯಬೇಕಿಲ್ಲ. ಹೀಗೆ ಯೋಚಿಸಿದ್ದೆ ಅಂತ ಇಪ್ಪತ್ತು ವರ್ಷದಲ್ಲಿ ನಿನ್ನಮ್ಮನಿಗೂ ಹೇಳಿಲ್ಲ.

ಅದಕ್ಕೇ ಒಂದು ಮಾತು. ಈಗ ನೀನು ಡಾಕ್ಟರು. ರಾತ್ರಿ ಎರಡು ಗಂಟೆಗೆ ಸೈಸ್ ಬಂದು ಬಾಗಿಲು ತಟ್ಟುತ್ತಾನೆ, ನೀನು ಹೋಗಿ ನೋಡಿದರೆ ಮರಿ ಕುಣಿದಾಡುತ್ತಿರುತ್ತದೆ, ಬಾಲ ಮಾತ್ರ ಒದ್ದೆ. ಅವನನ್ನು ಬೈಯಬೇಡ. "ಒಳ್ಳೇದಾಯ್ತು ಕರೆದಿದ್ದು" ಅನ್ನು. ಹತ್ತು ಸಲ ಸುಮ್ಮನೆ ಎಬ್ಬಿಸಿದರೂ ಅನ್ನು. ನಿನ್ನಮ್ಮನ ಸಿಟ್ಟು ನಿನಗೂ ಬಂದಿದೆ, ನನಗೆ ಗೊತ್ತು. ಅದನ್ನು ನನ್ನ ಮೇಲೆ ತೀರಿಸು.

ಬುದ್ಧಿ ಹೇಳಬಾರದು ಅಂದುಕೊಂಡೇ ಕೂತಿದ್ದೆ. ನೀನು ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಎರಡನೇ ವರ್ಷ ಓದುವಾಗಲೇ ನನ್ನನ್ನು ತಿದ್ದಿದವಳು. ಬೆದೆಗೆ ಬಂದ ತಾಯಿಯ ಹಾಲು ಕೆಡುತ್ತದೆ, ಅದಕ್ಕೇ ಭೇದಿ ಅಂತ ನಾವೆಲ್ಲ ನಂಬಿದ್ದೆವು. ತಾಯಿಯಿಲ್ಲದೆ ಬಾಟಲಿ ಹಾಲಲ್ಲಿ ಬೆಳೆದ ಮರಿಗೂ ಅದೇ ವಯಸ್ಸಿನಲ್ಲಿ ಭೇದಿ ಆಗುತ್ತಲ್ಲ ಅಪ್ಪಾ, ಅದರ ಕರುಳು ಬಲಿಯುವ ಕಾಲ ಅದು ಅಂದಿದ್ದೆ. ಮರಿ ತಾಯಿಯ ಲದ್ದಿ ತಿನ್ನುವುದು ಚಟವಲ್ಲ, ಕರುಳಿಗೆ ಬೇಕಾದ ಒಳ್ಳೆಯ ಜೀವಾಣು ಅದರಿಂದ ಬರುತ್ತದೆ ಅಂತಲೂ ಹೇಳಿದ್ದೆ. ಅದಕ್ಕೂ ಮುಂಚೆ ನಾನು ಎಷ್ಟು ಮರಿಗಳನ್ನು ಗದರಿಸಿ ಬಿಡಿಸಿದ್ದೆನೋ.

ಆದರೂ ಕೈ ತಡೆಯುತ್ತಿಲ್ಲ. ಲಾಯದೊಳಗೆ ಹೋದಾಗ ಮರಿಗಿಂತ ಮೊದಲು ತಾಯಿಯ ಕೆಚ್ಚಲು ನೋಡು. ಐವತ್ತು ಕಿಲೋ ತೂಗುವ ಮರಿ ದಿನಕ್ಕೆ ಹತ್ತು ಲೀಟರಿಗಿಂತ ಹೆಚ್ಚು ಹಾಲು ಕುಡಿಯಬೇಕು. ಅದರ ಮೈಯಲ್ಲಿ ಕೂಡಿಟ್ಟ ಶಕ್ತಿ ಅಂತ ಏನೂ ಇರುವುದಿಲ್ಲ, ಕೆಲವು ಗಂಟೆ ಹಾಲು ಬಿಟ್ಟರೆ ಸಕ್ಕರೆ ಇಳಿದುಬಿಡುತ್ತದೆ, ನೀರು ಹೋಗುವುದು ಬೇರೆ. ಭೇದಿ ನಿಲ್ಲಲಿ ಅಂತ ಸೈಸ್‌ಗಳು ಮನುಷ್ಯರ ಮಾತ್ರೆ ಪುಡಿಮಾಡಿ ಕೊಡುತ್ತಾರೆ, ಕದ್ದು ಕೊಡುತ್ತಾರೆ, ಕೇಳಿದರೆ ಇಲ್ಲ ಅನ್ನುತ್ತಾರೆ. ಕರುಳಿನ ಓಟ ನಿಲ್ಲಿಸಿದರೆ ವಿಷ ಒಳಗೇ ನಿಲ್ಲುತ್ತದೆ ಅಂತ ಅವರನ್ನು ಕೂರಿಸಿಕೊಂಡು ಹೇಳು. ಹುಟ್ಟಿ ಮೂರ್ನಾಲ್ಕು ದಿನದೊಳಗೆ ರಕ್ತ ಕಂಡರೆ ಒಂದು ನಿಮಿಷವೂ ಕಾಯಬೇಡ. ಬೆಳಿಗ್ಗೆ ಗಟ್ಟಿ ಮರಿಗಳನ್ನು ಮೊದಲು ನೋಡಿಸು, ಕಾಯಿಲೆಯವನ್ನು ಕೊನೆಗೆ, ಆ ಬೂಟು ಅಲ್ಲೇ ಬಿಡು. ನೆಲಕ್ಕೆ ಬ್ಲೀಚಿಂಗ್ ಸುರಿದರೆ ಆಯಿತು ಅಂತ ಅಂದುಕೊಳ್ಳುವವರೇ ಎಲ್ಲ. ಲದ್ದಿ ಮೆತ್ತಿರುವ ಕಡೆ ಅದು ಕೆಲಸ ಮಾಡುವುದಿಲ್ಲ, ಮೊದಲು ಸೋಪು ನೀರಲ್ಲಿ ಉಜ್ಜಿ ತೊಳೆಯಬೇಕು. ಈಯುವ ಹೊತ್ತಿಗೆ ತಾಯಿಯ ಕೆಚ್ಚಲನ್ನೂ ಹಾಗೇ, ಮರಿ ಬಾಯಿ ಹಾಕುವ ಮೊದಲು. ಗಿಣ್ಣು ಮೊದಲ ಆರು ಗಂಟೆಯೊಳಗೆ ಹೊಟ್ಟೆ ಸೇರಲಿ, ದಿನ ಕಳೆದ ಮೇಲೆ ಕುಡಿಸಿದರೆ ಅದರಲ್ಲಿರುವ ರೋಗ ತಡೆಯುವ ಶಕ್ತಿ ರಕ್ತಕ್ಕೆ ಹೋಗುವುದಿಲ್ಲ. ತೊಡೆಯ ಹಿಂದೆ ಉಗುರುಬೆಚ್ಚಗಿನ ನೀರಲ್ಲಿ ಒರೆಸಿ, ಒತ್ತಿ ಒಣಗಿಸಿ ವ್ಯಾಸಲಿನ್ ಹಚ್ಚಿಸು, ಇಲ್ಲದಿದ್ದರೆ ಕೂದಲೆಲ್ಲ ಉದುರಿ ಚರ್ಮ ಬೆಂದುಹೋಗುತ್ತದೆ, ಪಾಪ.

ಇದೆಲ್ಲ ನಿನಗೆ ಗೊತ್ತು.

ನಿನ್ನ ಕೈಯನ್ನೂ ಹಾಗೇ ತೊಳೆದುಕೋ. ಸಾಲ್ಮೊನೆಲ್ಲಾದಂಥ ಭೇದಿಯ ಕ್ರಿಮಿ ಮನುಷ್ಯರಿಗೂ ಹತ್ತುತ್ತದೆ. ಲಾಯದಲ್ಲಿ ನಿಂತುಕೊಂಡೇ ವಡಾ ಪಾವ್ ತಿಂದೆ ಅಂದೆಯಂತೆ ಅಮ್ಮನಿಗೆ, ಅವಳು ಎರಡು ದಿನದಿಂದ ಅದನ್ನೇ ಹೇಳುತ್ತಿದ್ದಾಳೆ. ಕೂತು ತಿನ್ನು. ಅನ್ನ ತಿನ್ನು.

ನೀನು ಪುಣೆ ಕಡೆ ಕೆಲಸಕ್ಕೆ ಸೇರಲು ಹೊರಟ ದಿನ ರೈಲಿನ ಕಿಟಕಿಯಿಂದ "ನನ್ನ ಕೆಂಪು ಮರಿಯ ಮೊಮ್ಮಕ್ಕಳು ಅಲ್ಲಿ ಇದ್ರೂ ಇರಬಹುದು ಅಪ್ಪಾ" ಅಂದೆಯಲ್ಲ, ಆವತ್ತೇ ಹೇಳಬೇಕಿತ್ತು. ಬಾಯಿಗೆ ಬಂದಿತ್ತು. ರೈಲು ಹೊರಟಿತು. ಮೊನ್ನೆ ರಾತ್ರಿ ನೀನು ಒಂದು ಮರಿಯ ವಿಷಯ ಕೇಳಲು ಫೋನ್ ಮಾಡಿದರೆ, ಅದೇ ಹಳೆಯ ಮಾತು ಅದೇ ಬಾಯಿಂದ ಬಂತು. ಇಪ್ಪತ್ತು ವರ್ಷ ಆ ಹಣೆಯನ್ನು ನೆನೆದೂ ನನ್ನ ನಾಲಿಗೆ ಕಲಿತಿರಲಿಲ್ಲ. ನೀನು ಫೋನ್ ಇಟ್ಟು ಹೋಗಿ 103 ಜ್ವರ ನೋಡಿದೆ. ನನ್ನ ಮಾತು ಕೇಳದೇ ಇದ್ದದ್ದಕ್ಕೆ ನಿನಗೆ ಯಾವ ದೇವರು ಬುದ್ಧಿ ಕೊಟ್ಟನೋ ಅವನಿಗೆ ಶನಿವಾರ ಕಾಯಿ ಒಡೆಸಿ ಬಂದೆ.

ಸುಳ್ಳು ಹೇಳಿದ್ದಕ್ಕೆ ಕ್ಷಮಿಸು. ಹಣೆಯ ಹಾಲು ತೋರಿಸಿದಾಗ ನಕ್ಕಿದ್ದಕ್ಕೂ.

ಯುಗಾದಿಗೆ ಬಾ ಅಂತ ಅಮ್ಮ ಬರೆಯಲು ಹೇಳಿದಳು, ಸೀಸನ್ ಮುಗಿಯದೆ ನಿನಗೆ ಬರಲಾಗುವುದಿಲ್ಲ ಅಂತ ಅವಳಿಗೆ ಹೇಳಿದ್ದೇನೆ. ಮೇ ತಿಂಗಳಲ್ಲಿ ಬಾ. ಫಾರ್ಮಿನ ವಾಚ್‌ಮನ್ ನನಗೆ ಗೊತ್ತಿರುವವನೇ, ಒಳಗೆ ಬಿಡುತ್ತಾನೆ. ಹೊಂಗೆ ಮರ ಈಗ ತುಂಬ ದಪ್ಪ ಆಗಿದೆ. ಜಾಗ ತೋರಿಸುತ್ತೇನೆ.

ಇಂತಿ,
ನಿನ್ನ ಅಪ್ಪ